ಶಾಲೆಯ ಲ್ಯಾಬ್‌ನಲ್ಲಿ ಸ್ಪಿರಿಟ್ ದೀಪದ ಬದಲು ಹಾಟ್ ಪ್ಲೇಟ್ ಇಡಬೇಕಾ?

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಈ ಪ್ರಶ್ನೆಯ ಎರಡೂ ಕಡೆ ನಿಂತು ಸ್ಟಾಫ್ ರೂಮಿನಲ್ಲಿ ಜಗಳ ಆಡಿದ್ದೇನೆ. ಹಾಗಾಗಿ ಎರಡೂ ವಾದ ನನ್ನವೇ.

ಪರ

ಇಡಬೇಕು. ಎಲೆಯ ಪಿಷ್ಟ ಪರೀಕ್ಷೆಯನ್ನೇ ನೋಡಿ. ಎಲೆಯ ಹಸಿರು ಬಿಡಬೇಕಾದರೆ ಅದನ್ನು ಆಲ್ಕೋಹಾಲ್‌ನಲ್ಲಿ ಕುದಿಸಬೇಕು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಆ ಆವಿಗೆ ಕಿಡಿ ತಾಗಿದರೆ ಮುಗಿಯಿತು. ಅದಕ್ಕೇ ಬಿಸಿನೀರಿನ ಬೀಕರ್ ಒಳಗೆ ಇಟ್ಟು ಕಾಯಿಸಿ ಅಂತ ಹೇಳಿಕೊಡುತ್ತೇವೆ. ಆದರೆ ಆ ಬೀಕರ್ ಕೆಳಗೆ ಉರಿಯುತ್ತಿರುವುದೂ ಬೆಂಕಿಯೇ ಅಲ್ವಾ?

ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಆಗಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮಧ್ಯಾಹ್ನದ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು. ಸ್ಪಿರಿಟ್ ಜ್ವಾಲೆ ಬಿಸಿಲಲ್ಲಿ ಕಾಣುವುದೇ ಕಷ್ಟ. ದೀಪ ಆರಿದೆ ಅಂದುಕೊಂಡ ಹುಡುಗ, ಪಾಪ, ಸಹಾಯ ಮಾಡೋಣ ಅಂತ ಬಾಟಲಿಯಿಂದ ಸ್ಪಿರಿಟ್ ಸುರಿದ. ಭಗ್ ಅಂತ ಹತ್ತಿಕೊಂಡಿತು. ಹುಬ್ಬು, ಮುಂಗೂದಲು ಸೀದುಹೋದವು. ಕಣ್ಣು ಉಳಿಯಿತು. ಆ ಸೀದ ವಾಸನೆ ನನ್ನ ಮೂಗಿನಿಂದ ಎಷ್ಟೋ ದಿನ ಹೋಗಲಿಲ್ಲ.

ಹಾಟ್ ಪ್ಲೇಟ್ ಇದ್ದರೆ ಲ್ಯಾಬ್‌ನಲ್ಲಿ ಸ್ಪಿರಿಟ್ ಬಾಟಲಿ ಓಡಾಡುವುದೇ ಕಮ್ಮಿ. ಫ್ಯಾನ್ ಆರಿಸಬೇಕಾಗಿಲ್ಲ, ಬೇಸಿಗೆಯಲ್ಲಿ 40 ಮಕ್ಕಳು ಬೆವರಿ ಒದ್ದೆಯಾಗಬೇಕಾಗಿಲ್ಲ. ಅಲುಗಾಡುವ ತ್ರಿಪಾದಿಯ ಮೇಲೆ ಬೀಕರ್ ಕೂರಿಸುವ ಕಷ್ಟವೂ ಇಲ್ಲ. ಕೊಳ್ಳುವಾಗ ಮಾತ್ರ ಕೆಂಪಗೆ ಕಾಯುವ ತೆರೆದ ಕಾಯಿಲ್ ಒಲೆ ಬೇಡ, ಮೇಲೆ ಪೂರ್ತಿ ಮುಚ್ಚಿದ ತಟ್ಟೆ ಇರುವುದೇ ಬೇಕು. ಅಗ್ಗ ಅಂತ ಇಂಡಕ್ಷನ್ ತಂದರೆ ದಂಡ, ಗಾಜಿನ ಬೀಕರ್ ಅದರ ಮೇಲೆ ಕಾಯುವುದೇ ಇಲ್ಲ.

ವಿರೋಧ

ಬೇಡ. ಕನಿಷ್ಠ ದೀಪ ತೆಗೆದು ಬೇಡ.

ಮೊದಲು ಗೋಡೆಯ ಪ್ಲಗ್ ನೋಡಿ. 8 ಗುಂಪು, ಗುಂಪಿಗೊಂದು 1000 ವ್ಯಾಟ್ ಪ್ಲೇಟ್ ಅಂದರೆ 230 ವೋಲ್ಟ್‌ನಲ್ಲಿ ಹತ್ತಿರಹತ್ತಿರ 35 ಆಂಪಿಯರ್. ಎಷ್ಟೋ ಲ್ಯಾಬ್‌ಗಳಲ್ಲಿ ಇರುವುದು ಎರಡೋ ಮೂರೋ 5 ಆಂಪಿಯರ್ ಪ್ಲಗ್, ಅರ್ಥಿಂಗ್ ಸರಿ ಇದೆಯಾ ಅಂತ ಯಾರೂ ನೋಡಿರುವುದಿಲ್ಲ. ಅದಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್ ಸಿಕ್ಕಿಸಿ, ನೀರು ಚೆಲ್ಲಿದ ಮೇಜಿನ ಮೇಲೆ ವೈರ್ ಎಳೆದು, ಒದ್ದೆ ಕೈಯ ಮಕ್ಕಳನ್ನು ನಿಲ್ಲಿಸಿದರೆ ಅದಕ್ಕಿಂತ ಸ್ಪಿರಿಟ್ ದೀಪವೇ ವಾಸಿ ಅನ್ನಿಸುತ್ತದೆ. ಮಲೆನಾಡಿನಲ್ಲಂತೂ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಪ್ರಯೋಗ ಅದಕ್ಕೆ ಕಾಯುತ್ತಾ ಕೂರಬೇಕಾ?

ಇನ್ನೊಂದು, ಬೆಂಕಿ ಕಂಡರೆ ಮಗು ಹಿಂದೆ ಸರಿಯುತ್ತದೆ. 250 ಡಿಗ್ರಿ ಕಾದ ಕಪ್ಪು ತಟ್ಟೆಗೂ ತಣ್ಣಗಿರುವ ತಟ್ಟೆಗೂ ನೋಡಲು ಏನೂ ವ್ಯತ್ಯಾಸ ಇಲ್ಲ. ಸ್ವಿಚ್ ಆಫ್ ಆಗಿದೆ ಅಂತ ಅಂಗೈ ಊರಿದರೆ ಚರ್ಮ ಸುಲಿಯುತ್ತದೆ.

ಜ್ವಾಲೆ ಇಲ್ಲ, ಅದಕ್ಕೇ ಆಲ್ಕೋಹಾಲ್‌ಗೆ ಸೇಫ್ ಅನ್ನುವುದೂ ಪೂರ್ತಿ ನಿಜ ಅಲ್ಲ. ಮನೆಬಳಕೆಯ ಪ್ಲೇಟ್‌ನ ಥರ್ಮೋಸ್ಟಾಟ್ ಟಕ್ ಅಂದಾಗ ಒಳಗೆ ಕಿಡಿ ಹಾರಬಹುದು, ಆವಿ ಹತ್ತಿಕೊಳ್ಳಲು ಅಷ್ಟೇ ಸಾಕು. ಎಲೆಯ ಪರೀಕ್ಷೆಗೆ ಅದಕ್ಕಿಂತ ಸುಲಭದ ದಾರಿ ಇದೆ. ನೀರು ಮೊದಲು ಕುದಿಸಿ, ದೀಪ ಆರಿಸಿ, ಆಮೇಲೆ ಆಲ್ಕೋಹಾಲ್ ಇರುವ ಪ್ರನಾಳವನ್ನು ಆ ಬಿಸಿನೀರಿಗೆ ಇಳಿಸಿ. ಕುದಿದ ನೀರಿನ ಬಿಸಿಗೇ ಆಲ್ಕೋಹಾಲ್ ಕುದಿಯುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ನಾನು ಈಗ ಮಾಡಿಸುವುದೇ ಹಾಗೆ.

ಇಷ್ಟೆಲ್ಲಾ ಆದಮೇಲೂ ಪ್ಲೇಟ್ ಮೇಲೆ ಪ್ರನಾಳ ನಿಲ್ಲುತ್ತದಾ? ಮೆಗ್ನೀಸಿಯಂ ಪಟ್ಟಿ ಹತ್ತಿಕೊಳ್ಳುತ್ತದಾ? 10ನೇ ತರಗತಿಯ ಫೆರಸ್ ಸಲ್ಫೇಟ್ ಪ್ರಯೋಗ ನನಗೆ ತುಂಬಾ ಇಷ್ಟ. ಇಕ್ಕಳದಲ್ಲಿ ಹಿಡಿದ ಪ್ರನಾಳವನ್ನು ಜ್ವಾಲೆಯ ಮೇಲೆ ಓರೆಯಾಗಿ ಆಡಿಸುತ್ತಾ ಇರಬೇಕು. ಮೊದಲು ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕಟ್ಟುತ್ತದೆ. ಹಸಿರು ಹರಳು ಬಿಳಿಯಾಗುತ್ತದೆ, ಇನ್ನೂ ಕಾಯಿಸಿದರೆ ಕೆಂಗಂದು. ಗಂಧಕ ಸುಟ್ಟ ಘಾಟು ಮೂಗಿಗೆ ಬಂದ ತಕ್ಷಣ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ.