ಹೊಗೆ ಅದೇ, ಖಾನೆ ಬೇರೆ

ರಕ್ಷಾಪುಟದಲ್ಲಿ ಒಂದು ಅಂಗೈ, ಅಂಗೈಯಲ್ಲಿ ಹಿಡಿ ಮಣ್ಣು, ಮಣ್ಣಲ್ಲಿ ಎರಡೆಲೆಯ ಸಸಿ. ಕಂಪನಿಯ ವರದಿಗೆ ಈ ಚಿತ್ರ ಬಿದ್ದಿದೆಯೆಂದರೆ ಈ ವರ್ಷವೂ ಇಂಗಾಲ ಕಡಿಮೆಯಾಗಿದೆ ಎಂದು ತಿಳಿಯತಕ್ಕದ್ದು. ಕಾರ್ಖಾನೆಯ ಗೂಡು ಹೋದ ವರ್ಷದಷ್ಟೇ ಉರಿದಿರಬಹುದು, ಲಾರಿಗಳು ಹೋದ ವರ್ಷಕ್ಕಿಂತ ಹೆಚ್ಚೇ ಓಡಿರಬಹುದು. ಅದು ಬೇರೆ ಮಾತು. ಇಂಗಾಲ ಇಳಿಸುವುದು ಈಗ ಬಾಯ್ಲರ್ ಮನೆಯವರ ಕೆಲಸವಲ್ಲ, ಲೆಕ್ಕ ಬರೆಯುವವರ ಕೆಲಸ.

ಕಷ್ಟದ್ದೇನಲ್ಲ. ಹೊರಸೂಸುವಿಕೆಗೆ ಮೂರು ಖಾನೆಗಳಿವೆ. ತಾನೇ ಸುಟ್ಟದ್ದು ಸ್ಕೋಪ್ 1, ಕೊಂಡ ವಿದ್ಯುತ್ತಿನದು ಸ್ಕೋಪ್ 2, ಮಿಕ್ಕಿದ್ದೆಲ್ಲ ಸ್ಕೋಪ್ 3. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಡೀಸೆಲ್ ಕಂಪನಿಯದೇ ಲಾರಿಯಲ್ಲಿ ಉರಿದರೆ ಸ್ಕೋಪ್ 1. ಲಾರಿಗಳನ್ನೆಲ್ಲ ಒಬ್ಬ ಗುತ್ತಿಗೆದಾರನಿಗೆ ಮಾರಿ, ಮರುದಿನ ಅವನಿಂದಲೇ ಬಾಡಿಗೆಗೆ ಕರೆಸಿದರೆ ಸ್ಕೋಪ್ 3, ಅದರಲ್ಲೂ ಹದಿನೈದು ಉಪಖಾನೆಗಳ ಪೈಕಿ ನಾಲ್ಕನೆಯದು. ಅದೇ ಲಾರಿ, ಅದೇ ಚಾಲಕ, ಅದೇ ರಸ್ತೆ. ಅಳಿಯ ಅಲ್ಲ, ಮಗಳ ಗಂಡ. 'ನಮ್ಮ ನೇರ ಹೊರಸೂಸುವಿಕೆಯಲ್ಲಿ ಗಣನೀಯ ಇಳಿಕೆ' ಎಂಬ ಶೀರ್ಷಿಕೆಗೆ ಇಷ್ಟು ಸಾಕು. ತೈಲ ಕಂಪನಿಗಳಿಗೆ ಹನ್ನೊಂದನೆಯ ಉಪಖಾನೆ ಇನ್ನೂ ಪ್ರಿಯ. ಮಾರಿದ ಎಣ್ಣೆಯನ್ನು ಗಿರಾಕಿ ಸುಟ್ಟರೆ ಅದು ಅಲ್ಲಿಗೆ ಹೋಗುತ್ತದೆ. ಎಣ್ಣೆಯನ್ನು ಸುಡದೆ ಗಿರಾಕಿ ಬೇರೇನು ಮಾಡಬೇಕಿತ್ತೋ ವರದಿ ಹೇಳುವುದಿಲ್ಲ.

ಸ್ಕೋಪ್ 2ರಲ್ಲಿ 2015ರಿಂದ ಎರಡು ಬಗೆಯ ಲೆಕ್ಕಗಳಿವೆ. ಮೊದಲನೆಯದು, ಆ ಭಾಗದ ವಿದ್ಯುತ್ ಜಾಲದಲ್ಲಿ ಸರಾಸರಿ ಹರಿಯುವ ವಿದ್ಯುತ್ತು ಎಂಥದ್ದು ಎಂಬುದರ ಮೇಲೆ. ಎರಡನೆಯದು, ಬಿಸಿಲು, ಗಾಳಿಯಂಥ ಮೂಲದ ವಿದ್ಯುತ್ತಿನ ಯಾವ ಪ್ರಮಾಣಪತ್ರ ಕೊಂಡಿರಿ ಎಂಬುದರ ಮೇಲೆ. ಎರಡನ್ನೂ ತೋರಿಸಬೇಕೆಂಬುದು ನಿಯಮ. ಯಾವುದು ದಪ್ಪ ಅಕ್ಷರದಲ್ಲಿ, ಯಾವುದು ಅಡಿಟಿಪ್ಪಣಿಯಲ್ಲಿ ಎಂಬುದು ಅವರವರ ವಿವೇಚನೆ. ಒಂದು ಮೆಗಾವ್ಯಾಟ್ ಗಂಟೆಗೆ ಒಂದು ಪ್ರಮಾಣಪತ್ರ, ತಾಳೆ ನೋಡುವುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಹೀಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ನಡುರಾತ್ರಿಯ ಪಾಳಿ ನಡೆಯುತ್ತದೆ. ಆ ಹೊತ್ತಿಗೆ ಕಲ್ಲಿದ್ದಲ ಸ್ಥಾವರ ಯಾರಿಗಾಗಿ ಉರಿಯುತ್ತಿದೆ ಎಂದು ಕೇಳಬಾರದು.

ಸಿಮೆಂಟಿನದು ಮಾತ್ರ ಕಲ್ಲಿನಂಥ ಸಮಸ್ಯೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಗೂಡಿಗೆ ಯಾವ ಇಂಧನ ಹಾಕಿದರೂ ಅಷ್ಟೇ, ಏಕೆಂದರೆ ಅನಿಲ ಬರುವುದು ಕಲ್ಲಿನೊಳಗಿಂದ. ಗೂಡಿನಿಂದ ಬರುವ, ಅರೆದು ಸಿಮೆಂಟು ಮಾಡುವ ಗಟ್ಟಿಗೆ ಕ್ಲಿಂಕರ್ ಎನ್ನುತ್ತಾರೆ; ಅದರ ಒಂದು ಟನ್ನಿಗೆ ಕಲ್ಲಿನ ಪಾಲೇ ಅರ್ಧ ಟನ್ನಿಗಿಂತ ತುಸು ಹೆಚ್ಚು. ಗೂಡನ್ನು 1450 ಡಿಗ್ರಿಗೆ ಏರಿಸುವ ಇಂಧನದ್ದು ಇದರ ಮೇಲೆ. ಇಳಿಸಬೇಕಿದ್ದರೆ ದಾರಿ ಇದೆ: ಕ್ಲಿಂಕರ್ ಕಡಿಮೆ ಮಾಡಿ ಹಾರುಬೂದಿ, ಕಬ್ಬಿಣದ ಊದುಕುಲುಮೆಯ ಕಿಟ್ಟ, ಸುಟ್ಟ ಜೇಡಿ ಬೆರೆಸುವುದು. ಆದರೆ ಹಾಗೆ ಬೆರೆಸಿದ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಅಚ್ಚು ಬಿಚ್ಚಲು ಕಾಯಬೇಕು, ನೀರುಣಿಸುವುದರಲ್ಲಿ ಉದಾಸೀನ ನಡೆಯದು. ಗುತ್ತಿಗೆದಾರನಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಕಚೇರಿಯ ಬಲ್ಬುಗಳನ್ನು ಬದಲಿಸಿ ಎಲ್‌ಇಡಿ ಹಾಕಲಾಗಿದೆ. ಫೋಟೊ ಪುಟ 14ರಲ್ಲಿದೆ.

ಇಷ್ಟಾದರೂ ಅಂಕಿ ಇಳಿಯದಿದ್ದರೆ ಭಾಗಾಕಾರ ಬಲ್ಲವರನ್ನು ಕರೆಸಬೇಕು. ಟನ್ ಒಂದಕ್ಕೆ ಹೊರಸೂಸುವಿಕೆ ಶೇ. 10 ಇಳಿದು, ಉತ್ಪಾದನೆ ಶೇ. 30 ಏರಿದರೆ ಒಟ್ಟು ಹೊಗೆ ಶೇ. 17 ಹೆಚ್ಚಿತು. ಪತ್ರಿಕಾ ಪ್ರಕಟಣೆಯಲ್ಲಿ ಬರುವುದು ಶೇ. 10ರ ಇಳಿಕೆ. ವಾತಾವರಣಕ್ಕೆ ಭಾಗಾಕಾರ ಬರುವುದಿಲ್ಲ, ಅದು ಕೂಡುವುದನ್ನಷ್ಟೇ ಕಲಿತಿದೆ. ಹೋಲಿಕೆಗೆ ಮೂಲ ವರ್ಷ ಆರಿಸುವಾಗಲೂ ಎಚ್ಚರ ಬೇಕು: ಕಾರ್ಖಾನೆ ಅತಿ ಹೆಚ್ಚು ಹೊಗೆ ಉಗುಳಿದ ವರ್ಷವೇ ಶುಭ.

ಕಂಪನಿಗಳಷ್ಟೇ ಜಾಣರು ಎಂದುಕೊಂಡರೆ ಸರ್ಕಾರಗಳಿಗೆ ಅನ್ಯಾಯವಾದೀತು. ದೇಶದಿಂದ ದೇಶಕ್ಕೆ ಹಾರುವ ವಿಮಾನ, ತೇಲುವ ಹಡಗುಗಳ ಇಂಧನವನ್ನು ಪಟ್ಟಿಯಲ್ಲಿ ಬರೆಯುತ್ತಾರೆ, ಯಾವ ದೇಶದ ಮೊತ್ತಕ್ಕೂ ಸೇರಿಸುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸೌದೆಯದು ಇನ್ನೂ ಸೊಗಸು. ಒಂದು ಗಿಗಾಜೌಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಸೌದೆ ಬಿಡುವುದು ಸುಮಾರು 112. ಆದರೂ ವಿದ್ಯುತ್ ಕ್ಷೇತ್ರದ ಮೊತ್ತಕ್ಕೆ ಸೇರುವುದು ಸೊನ್ನೆ, ಏಕೆಂದರೆ ಮರ ಕಡಿದ ಕಡೆ ಭೂಬಳಕೆಯ ಲೆಕ್ಕದಲ್ಲಿ ಅದು ಬರಬೇಕು. ಒಂದೇ ಇಂಗಾಲವನ್ನು ಎರಡು ಸಲ ಎಣಿಸಬಾರದೆಂಬ ಉದ್ದೇಶ ಒಳ್ಳೆಯದೇ. ಕಡಿದವರ ಲೆಕ್ಕ ಸಡಿಲವಾಗಿದ್ದರೆ ಎರಡು ಸಲವಲ್ಲ, ಒಂದು ಸಲವೂ ಎಣಿಸಿದಂತಾಗುವುದಿಲ್ಲ.

ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು, ತೂಕಕ್ಕೆ ತೂಕ, ನೂರು ವರ್ಷದ ಲೆಕ್ಕದಲ್ಲಿ ನೋಡಿದರೆ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು, ಇಪ್ಪತ್ತು ವರ್ಷಕ್ಕಾದರೆ 80 ಪಟ್ಟು ಮೀರುತ್ತದೆ. ಕಸದ ಗುಡ್ಡ, ನೀರು ನಿಂತ ಗದ್ದೆ, ಸೋರುವ ಅನಿಲ ಕೊಳವೆ ಇರುವವರೆಲ್ಲ ದೂರದೃಷ್ಟಿಯವರು. ನೂರು ವರ್ಷವನ್ನೇ ಹಿಡಿಯುತ್ತಾರೆ.

ಸೋರಿಕೆ ಎಂದಾಗ ನೆನಪಾಯಿತು. ಏಸಿಯಲ್ಲಿ ಬಳಸುವ ಆರ್-410ಎ ಅನಿಲ ಒಂದು ಕಿಲೋ ಸೋರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ಸುಮಾರು 740 ಲೀಟರ್ ಡೀಸೆಲ್ ಸುಟ್ಟಂತೆ. ಕೊಳವೆಯ ಫ್ಲೇರ್ ಜೋಡಣೆ ಸಡಿಲವಾಗಿ ಅನಿಲ ಹೋಗಿರುತ್ತದೆ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆಗೂ ಮತ್ತೆ ತುಂಬಿಸುತ್ತಾರೆ. ಅದರ ಬಿಲ್ಲು 'ಕಟ್ಟಡ ನಿರ್ವಹಣೆ' ಕಡತಕ್ಕೆ ಹೋಗುತ್ತದೆ. ಆ ಏಸಿ ಕೋಣೆಯಲ್ಲಿ ಕುಳಿತೇ ಇಂಗಾಲ ಸಮಿತಿ ಕಾಗದದ ಲೋಟ ನಿಷೇಧದ ಕುರಿತು ಮೂರು ತಾಸು ಚರ್ಚಿಸಿದೆ.

ಕೊನೆಯ ಪುಟದಲ್ಲಿ ಪರಿಶೀಲಕರ ಷರಾ ಇರುತ್ತದೆ: ಸೀಮಿತ ಭರವಸೆಯ ಮಟ್ಟಿಗೆ, ತಪ್ಪಿದೆ ಎಂದು ನಂಬುವಂಥದ್ದೇನೂ ನಮ್ಮ ಗಮನಕ್ಕೆ ಬಂದಿಲ್ಲ. ಪಕ್ಕದಲ್ಲೇ ನೀಲಿ ಆಕಾಶ, ಅದರ ಕೆಳಗೆ ಹೊಗೆಯೇ ಕಾಣದ ಚಿಮಣಿ. ಫೋಟೊವನ್ನು ತಿದ್ದಿಲ್ಲ. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ಕ್ಯಾಮೆರಾಕ್ಕೆ ಅದು ಬೀಳುವುದಿಲ್ಲ. ವರದಿ ಬರೆಯುವವರಿಗೆ ಪ್ರಕೃತಿ ಇದಕ್ಕಿಂತ ಹೆಚ್ಚಿನ ಸಹಕಾರ ಕೊಡಲಾರದು.