ಕೋರಂ ಇಲ್ಲದಿದ್ದರೂ ಊಟ ಇದೆ

ನಮ್ಮ ಲೇಔಟಿನ ಸಂಘದ ವಾರ್ಷಿಕ ಮಹಾಸಭೆಯ ನೋಟಿಸು ಬಂದಿದೆ. ನಿಮಗೂ ಬಂದಿರುತ್ತದೆ, ಕೊನೆ ಸಾಲು ನೋಡಿ. 'ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು. ಆಗ ಕೋರಂ ಅಗತ್ಯವಿಲ್ಲ.' ಕೋರಂ ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ. ಎಂಥಾ ದೂರದೃಷ್ಟಿ! ವರ ಬಾರದಿದ್ದಲ್ಲಿ ಅರ್ಧ ಗಂಟೆ ಕಾದು ಅದೇ ಮಂಟಪದಲ್ಲಿ ಮದುವೆ ಮುಗಿಸಲಾಗುವುದು, ಆಗ ವರನ ಅಗತ್ಯವಿಲ್ಲ ಅಂತ ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದ ಹಾಗೆ.

ಹಾಗಂತ ಜನರನ್ನೂ ಬೈಯುವಂತಿಲ್ಲ. ಕೊಡಗಿನಲ್ಲಿ ಒಂದು ಸಭೆಗೆ ದಿನ ಹುಡುಕಿ ನೋಡೋಣ. ಜೂನ್ ಬಂದರೆ ಮಳೆ, ಕರೆಂಟಿಲ್ಲ. ಸೆಪ್ಟೆಂಬರಿಗೆ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರಿಗೆ ತಲಕಾವೇರಿಯ ತೀರ್ಥೋದ್ಭವ. ಆಮೇಲೆ ಸುಗ್ಗಿ ಹಬ್ಬ ಪುತ್ತರಿ. ಅಷ್ಟರಲ್ಲಿ ಕಾಫಿ ಕೊಯ್ಲು, ಮಾರ್ಚ್‌ವರೆಗೆ ತೋಟದವರನ್ನು ಮಾತಾಡಿಸೋ ಹಾಗಿಲ್ಲ. ಏಪ್ರಿಲ್ ಅಂದರೆ ಹಾಕಿ. ಈ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡದಲ್ಲಿ 60 ಕೊಡವ ಕುಟುಂಬಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ! ಅಜ್ಜನಿಗೂ ಸ್ಟಿಕ್ಕು, ಮೊಮ್ಮಗನಿಗೂ ಸ್ಟಿಕ್ಕು. ಅಷ್ಟು ಜನ ಸೇರುವ ಜಿಲ್ಲೆಯಲ್ಲಿ 42 ಮನೆಯಿಂದ 14 ಜನ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದಿಲ್ಲ. ಅರ್ಧ ಮನೆಗಳ ಯಜಮಾನರು ಬೆಂಗಳೂರಲ್ಲಿ, ಮನೆ ಹೋಂಸ್ಟೇ. ಮಂಜು ನೋಡಲು ಬಂದ ಗೆಸ್ಟುಗಳಿಂದಲೇ ಸಹಿ ಹಾಕಿಸಿದರೆ ಹೇಗೆ ಅಂತ ನಾನೊಮ್ಮೆ ತಮಾಷೆಗೆ ಅಂದೆ. ಕಾರ್ಯದರ್ಶಿ ಬರೆದುಕೊಂಡರು.

ಆ ಅರ್ಧ ಗಂಟೆ ಮಾತ್ರ ಸ್ವರ್ಗ. ಹಿಂದುಗಡೆಯಿಂದ ಪಂದಿಕರಿ, ಅಂದರೆ ಹಂದಿ ಮಾಂಸದ ಸಾರಿನ, ವಾಸನೆ ಬರುತ್ತಿರುತ್ತದೆ. ಬರಲ್ಲ ಅಂದವರೆಲ್ಲ ಸರಿಯಾಗಿ ಒಂದು ಗಂಟೆಗೆ ಹಾಜರ್. "ಲೆಕ್ಕಪತ್ರ ಎಲ್ರೂ ಓದಿದ್ದೀರಲ್ವಾ?" ಅಂತಾರೆ ಅಧ್ಯಕ್ಷರು. ಯಾರಿಗೂ ಪ್ರತಿ ಸಿಕ್ಕಿರುವುದಿಲ್ಲ. 'ಓದಿದಂತೆ ಭಾವಿಸಿ ಅಂಗೀಕರಿಸಲಾಯಿತು.' ಎಷ್ಟು ಚಂದದ ವಾಕ್ಯ! ಊಟವನ್ನೂ ಹಾಗೇ ಉಂಡಂತೆ ಭಾವಿಸಬಹುದಿತ್ತು, ಅದಕ್ಕೆ ಯಾರೂ ಒಪ್ಪಲ್ಲ.

ಕೊನೆಗೆ 'ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು'. ಹೋದ ವರ್ಷ ನಾನು ಎದ್ದು ತಡೆಗೋಡೆ ಕೇಳಿದೆ. 2018ರ ಆಗಸ್ಟಿನಲ್ಲಿ ಹಿಂದಿನ ಸಾಲಿನ ಮನೆಗಳ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದಿದ್ದು ನೆನಪಿದೆಯಲ್ಲ? ಕೊನೆ ಮನೆಯ ಅಮ್ಮ ಇವತ್ತಿಗೂ ಜೋರು ಮಳೆ ಬಂದರೆ ರಾತ್ರಿ ಚೀಲ ಕಟ್ಟಿಕೊಂಡು ಬಾಗಿಲ ಹತ್ತಿರ ಕೂರುತ್ತಾರೆ. ಒಂದೊಂದು ಮಳೆಗಾಲಕ್ಕೂ ಒಂದೊಂದು ಟಾರ್ಪಾಲು. ಗೋಡೆ ಮಾತ್ರ 'ಮುಂದಿನ ಸಭೆಗೆ'. ಸಾಕಾಗಿದೆ ಸ್ವಾಮಿ. ನಗೋಕೂ ಆಗಲ್ಲ.

"ಅಣ್ಣ, ಮಾತು ಆಮೇಲೆ, ಕರಿ ಆರ್ತದೆ," ಅಂತ ಹಿಂದಿನಿಂದ ಯಾರೋ ಅಂದರು. ಸಭೆ ಯಶಸ್ವಿಯಾಯಿತು.

ಈ ಸಲ ಅಕ್ಕಿ ಕಡುಬು ಕಡುಂಬಟ್ಟಿನ ಜೊತೆ ಕೋಳಿ ಸಾರೂ ಇದೆ ಅಂತ ನೋಟಿಸಿನಲ್ಲೇ ಹಾಕಿದ್ದಾರೆ. ತಡೆಗೋಡೆ ಹುಡುಕಿದೆ, ಇಲ್ಲ.