ಧ್ರುವ ನಕ್ಷತ್ರ ಮತ್ತು ಅತ್ತೆಯ ಟಾರ್ಚು

ನಕ್ಷತ್ರಗಳೆಲ್ಲ ಧ್ರುವನ ಸುತ್ತ ಗುಂಡಗೆ ಗೆರೆ ಎಳೆದಿದ್ದ ಒಂದು ಫೋಟೋ ನೋಡಿ ನನಗೆ ಹುಚ್ಚು ಹಿಡಿಯಿತು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಟ್ರೈಪಾಡ್ ಹೊತ್ತುಕೊಂಡು ಜನವರಿಯಲ್ಲಿ ತೀರ್ಥಹಳ್ಳಿ ಹತ್ತಿರದ ಸೋದರತ್ತೆ ಮನೆಗೆ ಹೋದೆ. ಬೆಂಗಳೂರಿನ ನಮ್ಮ ಟೆರೇಸಿನಿಂದ ಚೆನ್ನಾಗಿ ಕಾಣುವುದು ಎದುರು ಮನೆಯ ಎಲ್‌ಇಡಿ ಲೈಟೊಂದೇ.

ಮೊದಲು ಕೈಕೊಟ್ಟವನು ಧ್ರುವ. ನಾನು ಅವನನ್ನು ನೆತ್ತಿಯ ಮೇಲೆ ಹುಡುಕುತ್ತಿದ್ದೆ. ಆದರೆ ನಮ್ಮೂರು ಎಷ್ಟು ಡಿಗ್ರಿ ಅಕ್ಷಾಂಶದಲ್ಲಿದೆಯೋ ಅವನು ಅಷ್ಟೇ ಎತ್ತರದಲ್ಲಿ ಇರುತ್ತಾನೆ. ತೀರ್ಥಹಳ್ಳಿಯಲ್ಲಿ ಅದು ಸುಮಾರು 14 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಅಷ್ಟೆತ್ತರದಲ್ಲಿ ಅಲ್ಲಿರುವುದು ಗುಡ್ಡ, ಗುಡ್ಡದ ಮೇಲೊಂದು ಹಲಸಿನ ಮರ. ತಪಸ್ಸು ಮಾಡಿ ಶಾಶ್ವತ ಜಾಗ ಗಿಟ್ಟಿಸಿದವನು ಹಲಸಿನ ಮರದ ಹಿಂದೆ ಕೂತಿದ್ದ!

ಹೋಗಲಿ, ಮನೆಯ ಮೇಲಿನ ಆಕಾಶವೇ ಸಾಕೆಂದು ಕ್ಯಾಮೆರಾವನ್ನು ಜಗಲಿಯ ಕಡೆ ತಿರುಗಿಸಿದೆ. ಲೈಟೆಲ್ಲ ಆರಿಸಲು ಹೇಳಿ, ಹತ್ತು ನಿಮಿಷ ಶಟರ್ ತೆರೆದಿಟ್ಟೆ. ಮುಚ್ಚಿದ ಮೇಲೂ ಸ್ಕ್ರೀನು ಕಪ್ಪು. ಯಾವ ಬಟನ್ ಒತ್ತಿದರೂ ಉಸಿರಿಲ್ಲ. ಮೂರ್ನಾಲ್ಕು ನಿಮಿಷ ಕಾದೆ, ಹೆದರಿ ಬ್ಯಾಟರಿ ಕಿತ್ತೆ. ಆಮೇಲೆ ಗೊತ್ತಾಯಿತು: ಕ್ಯಾಮೆರಾದಲ್ಲಿ ನಾಯ್ಸ್ ರಿಡಕ್ಷನ್ ಆನ್ ಇತ್ತು. ಹತ್ತು ನಿಮಿಷ ತೆಗೆದ ಫೋಟೋದಲ್ಲಿ ನಕ್ಷತ್ರಗಳಲ್ಲದೆ ತಾನಾಗಿ ಮೂಡುವ ಬೇಡದ ಚುಕ್ಕಿ ಒರೆಸಲು ಅದು ಕಣ್ಣು ಮುಚ್ಚಿಕೊಂಡು ಇನ್ನೂ ಹತ್ತು ನಿಮಿಷ ಕೂರುತ್ತದಂತೆ. ನಾನು ಅದರ ಧ್ಯಾನ ಕೆಡಿಸಿದ್ದೆ, ಫೋಟೋನೂ ಹೋಯಿತು.

ಎರಡನೆಯದಕ್ಕೆ ಇಬ್ಬನಿ. ಲೆನ್ಸ್ ಮೇಲೆ ಮಂಜು ಕೂತು ಆಕಾಶ ರಾಗಿ ಗಂಜಿಯಂತಾಗಿತ್ತು. ಮಾವನ ಪಂಚೆಯ ಅಂಚಿನಲ್ಲಿ ಒರೆಸಿದೆ. (ತಿಳಿದವರು ಇದನ್ನು ಓದದೆ ಮುಂದೆ ಹೋಗಿ.)

ಮೂರನೆಯ ಸಲ ಶಟರ್ ತೆರೆದು ಎರಡು ನಿಮಿಷವೂ ಆಗಿರಲಿಲ್ಲ, ಅಡುಗೆಮನೆ ಬಾಗಿಲಿಂದ ಟಾರ್ಚ್ ಹಿಡಿದು ಅತ್ತೆ ಬಂದರು.

"ಕತ್ತಲಲ್ಲಿ ಎಂತ ಮಾಡ್ತಿದ್ದೀಯ ಮಾರಾಯ? ಹಾವು ಗೀವು ಇದ್ದಾವು."

"ಅತ್ತೆ, ಬೆಳಕು ಬೇಡ, ಫೋಟೋ!"

"ಹಾಗಾದ್ರೆ ಕರುವಿಗೆ ಹುಲ್ಲು ಹಾಕೋದು ಯಾರು?" ಎನ್ನುತ್ತಾ ಕೊಟ್ಟಿಗೆಗೆ ಹೋದರು. ವಾಪಸ್ ಬಂದು ಬಚ್ಚಲೊಲೆ ನೋಡಿದರು. ಅಂಗಳದಲ್ಲಿ ಒಣಗಿಸಿದ್ದ ಬಟ್ಟೆ ಎತ್ತಿಕೊಂಡರು. ಕೊನೆಗೆ ಜಗಲಿಯ ಆರಾಮ ಕುರ್ಚಿಯಲ್ಲಿದ್ದ ಮಾವನ ಮುಖಕ್ಕೆ ಟಾರ್ಚ್ ಬಿಟ್ಟು, "ನಿದ್ದೆ ಬಂತಾ?" ಎಂದು ಕೇಳಿದರು. ಬಂದಿತ್ತು.

ಇಪ್ಪತ್ತು ನಿಮಿಷದ ಮೇಲೆ ಫೋಟೋ ಬಂತು. ಈ ಸಲ ಕಾದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹತ್ತು ನಿಮಿಷಕ್ಕೆ ಎರಡೂವರೆ. ಹಾಗಾಗಿ ನಕ್ಷತ್ರಗಳು ಜೀರಿಗೆ ಕಾಳಿನಷ್ಟು ಉದ್ದ ಎಳೆದಿದ್ದವು, ಅಷ್ಟೇ. ಆದರೆ ಕೆಳಗೆ ಅಡುಗೆಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಚ್ಚಲಿಗೆ, ಬಟ್ಟೆ ತಂತಿಗೆ, ಜಗಲಿಗೆ ಒಂದು ಬೆಳ್ಳಿ ದಾರ ಓಡಾಡಿತ್ತು. ಜಗಲಿಯಲ್ಲಿ ಮಾವ, ಒಂದೊಂದು ಮೀಸೆ ಕೂದಲೂ ಎಣಿಸುವಷ್ಟು ಸ್ಪಷ್ಟ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ನಾನೆಲ್ಲಿ?"

ಓಡಾಡುವವರು ಇದರಲ್ಲಿ ಬರುವುದಿಲ್ಲ, ಅಲುಗದೆ ಕೂತವರು ಮಾತ್ರ ಬರುತ್ತಾರೆ ಎಂದೆ.

"ಮನೆ ಕೆಲಸ ಪೂರಾ ನನ್ನದು, ಫೋಟೋ ಇವರದ್ದಾ?"

ಟಾರ್ಚನ್ನು ಮಾವನ ಕೈಗಿಟ್ಟು ಎಬ್ಬಿಸಿದರು. ಆರಾಮ ಕುರ್ಚಿಯಲ್ಲಿ ತಾವು ಕೂತು ಸೆರಗು ಸರಿಮಾಡಿಕೊಂಡರು.

"ಇನ್ನೊಂದು ತೆಗಿ. ಹಟ್ಟಿ ಬಾಗಿಲು ಹಾಕಿದೆಯಾ ಅಂತ ಇವರು ನೋಡಿ ಬರ್ತಾರೆ."